ಕಂಡಕ್ಟರಮ್ಮನ ಕೋಸಿನ ಸೊಪ್ಪು

ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ನಿಂತು "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂದು ಕೂಗಿದ ಗಂಟಲಿಗೆ ಮನೆಯಲ್ಲಿ ಮೆತ್ತಗಿರು ಎಂದರೆ ಆಗುವ ಮಾತಲ್ಲ. ಕಂಡಕ್ಟರಮ್ಮ ನೆಲಮಹಡಿಯ ಅಡುಗೆಮನೆಯಲ್ಲಿ ಗಂಡನನ್ನು ಉಪ್ಪು ಕೇಳಿದರೆ ಮೂರನೇ ಮಹಡಿಯ ನರ್ಸಮ್ಮ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಾರೆ ಎಂಬುದು ಆ ಕ್ವಾರ್ಟರ್ಸಿನ ಹಳೆಯ ತಮಾಷೆ. ಕಂಡಕ್ಟರಮ್ಮನಿಗೂ ಅದು ಗೊತ್ತಿತ್ತು. ಬೇಜಾರೇನೂ ಇರಲಿಲ್ಲ. ಕೇಳಿಸುವ ಹಾಗೆ ಮಾತಾಡುವುದು ತಪ್ಪಾದರೆ, ಕೇಳಿಸದ ಹಾಗೆ ಮಾತಾಡಿ ಯಾರು ಉದ್ಧಾರವಾಗಿದ್ದಾರೆ ಎಂಬುದು ಅವಳ ವಾದ.

ಕ್ವಾರ್ಟರ್ಸ್ ಎಂದರೆ ಬಸ್ ಡಿಪೋದ ಹಿಂದೆ ಮೂರು ಮಹಡಿ, ಹನ್ನೆರಡು ಮನೆ. ಅವಳ ಮನೆಯ ಹಿಂಬಾಗಿಲು ತೆರೆದರೆ ನೀರಿನ ತೊಟ್ಟಿಗೂ ಕಾಂಪೌಂಡು ಗೋಡೆಗೂ ನಡುವೆ ಹತ್ತು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲದ ಮಣ್ಣು. ಅಲ್ಲಿ ಅವಳು ಬೆಳೆಯುತ್ತಿದ್ದದ್ದು ಒಂದೇ ಬೆಳೆ, ಕೋಸಿನ ಸೊಪ್ಪು. ಅಂಗಡಿಯಲ್ಲಿ ಸಿಗುವ ಎಲೆಕೋಸಿನ ಬಳಗದ್ದೇ, ಆದರೆ ಉಂಡೆ ಕಟ್ಟುವುದಿಲ್ಲ. ಕಾಂಡ ನೆಟ್ಟಗೆ ಮೇಲೇಳುತ್ತದೆ, ಸುತ್ತಲೂ ಮೊರದಗಲದ ದಪ್ಪ ಎಲೆ. ತೆಳ್ಳಗೆ ಬೂದಿ ಬಳಿದಂಥ ಹಸಿರು. ನೀರು ಚಿಮುಕಿಸಿದರೆ ಹನಿ ನಿಲ್ಲದೆ ಜಾರಿ ಬೀಳುತ್ತದೆ.

ಈ ಸೊಪ್ಪಿನ ಎಲೆಯನ್ನು ಕೆಳಗಿನಿಂದ ಕೀಳಬೇಕು, ತುದಿ ಮುಟ್ಟಬಾರದು. ಕಂಡಕ್ಟರಮ್ಮ ಅದನ್ನು ತನ್ನ ಭಾಷೆಯಲ್ಲೇ ಹೇಳಿಕೊಡುತ್ತಿದ್ದಳು. "ಹತ್ತೋರು ಮೇಲೆ, ಇಳಿಯೋರು ಕೆಳಗೆ. ಈಗ ತಾನೇ ಹತ್ತಿದೋನನ್ನ ಯಾರಾದ್ರೂ ಇಳಿಸ್ತಾರಾ?" ಹಾಗೆ ಕಿತ್ತುಕೊಂಡು ಹೋದರೆ ಒಂದೇ ಗಿಡ ಎರಡು ವರ್ಷ ಊಟ ಹಾಕುತ್ತದೆ.

ಬೀಜ ಅವಳ ತಾಯಿಯದು. ಕೆಲಸಕ್ಕೆ ಸೇರಿದ ದಿನ ತಾಯಿ ಬಟ್ಟೆಯ ಗಂಟೊಂದನ್ನು ಕೈಗಿಟ್ಟು, "ಸಂಬಳ ತಿಂಗಳಿಗೊಂದು ಸಲ ಬರುತ್ತೆ ಮಗಳೇ, ಇದು ದಿನಾ ಬರುತ್ತೆ" ಎಂದಿದ್ದಳು. ತಾಯಿ ಹೋಗಿ ಹದಿನೈದು ವರ್ಷವಾಯಿತು. ಅವಳ ನೆನಪಿಗೆಂದು ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಆ ಎಲೆಯ ದಪ್ಪ, ಬೆಂದ ಮೇಲೆ ನಾಲಿಗೆಯ ಮೇಲೆ ಉಳಿಯುವ ಸಣ್ಣ ಸಿಹಿ, ಅಷ್ಟೇ ಇದ್ದದ್ದು. ಆ ತಳಿ ಯಾವ ಬೀಜದಂಗಡಿಯಲ್ಲೂ ಇರಲಿಲ್ಲ. ಕಂಡಕ್ಟರಮ್ಮ ರಜೆ ಹಾಕಿ ಹುಡುಕಿ ನೋಡಿದ್ದಳು.

ಹನ್ನೆರಡು ಮನೆಗೂ ಸಸಿ ಕೊಡುವವಳು ಅವಳೇ, ಮೇಲಿನ ಮಹಡಿಯವರು ಕುಂಡದಲ್ಲಿ ನೆಡುತ್ತಿದ್ದರು. ಬದಲಿಗೆ ಏನೂ ಬೇಡ, ಮೂರು ನಿಯಮ ಪಾಲಿಸಿದರೆ ಸಾಕು. ಒಂದು, ಎಲೆ ಕೆಳಗಿನಿಂದ ಕೀಳಬೇಕು. ಎರಡು, ಹೂವಿನ ಕುಡಿ ಕಂಡ ದಿನವೇ ಚಿವುಟಬೇಕು, ಇಲ್ಲದಿದ್ದರೆ ಎಲೆ ಬಡವಾಗುತ್ತದೆ. ಮೂರು, ಎರಡು ವರ್ಷ ತುಂಬಿದ ಮೇಲೆ ಅವಳು ಹೇಳಿದ ದಿನ ಎಲ್ಲರೂ ಹಳೆಯ ಗಿಡಗಳನ್ನು ಬೇರು ಸಮೇತ ಕಿತ್ತು ನಲವತ್ತು ದಿನ ನೆಲ ಖಾಲಿ ಬಿಡಬೇಕು. ಹಳೆಯ ಗಿಡದ ಹೇನು ಹೊಸ ಸಸಿಗೆ ಹತ್ತಬಾರದು ನೋಡಿ. ಅವಳ ಪಾತಿಯ ಮೂಲೆಯಲ್ಲಿ ಮಾತ್ರ ಆರು ಗಿಡ ಹೂ ಬಿಟ್ಟು ಕಾಯಿ ಕಟ್ಟುತ್ತಿದ್ದವು. ಅವು ಬೀಜದ ಗಿಡಗಳು, ಅವಕ್ಕೆ ಎರಡನೇ ನಿಯಮದಿಂದ ವಿನಾಯಿತಿ. ಹಳೆಯ ಬೀಜ ಮೊಳೆಯುವುದಿಲ್ಲವೆಂದು ಉಳಿದದ್ದನ್ನು ಹಕ್ಕಿಗೆ ಚೆಲ್ಲಿಬಿಡುತ್ತಿದ್ದಳು. ಅವಳ ಲೆಕ್ಕದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆ ಡಿಪೋದಲ್ಲೂ ಇರಲಿಲ್ಲ.

ಈ ನಿಯಮಕ್ಕೆ ತಪ್ಪಿದವಳು ಒಬ್ಬಳೇ, ಅವಳ ನಾದಿನಿ. ಗಂಡನ ತಂಗಿ. ಬಸ್ಸಿನ ಕೊನೆಯ ಸ್ಟಾಪಿನ ಬಳಿ ಮನೆ, ಮನೆಯ ಮುಂದೆಯೇ ಇಸ್ತ್ರಿ ಅಂಗಡಿ. ಮೂರು ವರ್ಷದ ಹಿಂದೆ ಕಂಡಕ್ಟರಮ್ಮ ಅಲ್ಲಿಗೆ ಹೋದಾಗ, ತಾನು ಕೊಟ್ಟ ಗಿಡಗಳು ಆಳೆತ್ತರ ಬೆಳೆದು ಹಳದಿ ಹೂ ಹೊತ್ತು ನಿಂತಿದ್ದವು. ಕಂಡವಳೇ ಕೈಗೆ ಸಿಕ್ಕಷ್ಟು ಹೂ ಮುರಿದು ಕೆಳಗೆ ಹಾಕಿದಳು. ನಾದಿನಿಯ ಅತ್ತೆ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತಿದ್ದರೂ ಲೆಕ್ಕಿಸದೆ, "ಒಂದು ಗಿಡ ನೋಡ್ಕೊಳ್ಳೋಕೆ ಬರದೋಳು ಮನೆ ಏನು ನೋಡ್ಕೋತೀಯ?" ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ನಾದಿನಿ ಅಣ್ಣನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಸೋಮಾರಿಗೆ ಸತ್ಯ ಹೇಳಿದರೆ ಸಿಟ್ಟು ಎಂದು ಕಂಡಕ್ಟರಮ್ಮ ಸುಮ್ಮನಿದ್ದಳು.

ಈ ವರ್ಷ ಗಿಡ ಕೀಳುವ ದಿನ ಅವಳು ಬೆಳಿಗ್ಗೆಯೇ ಹಿಂದೆ ನಿಂತು ಕೂಗಿದಳು. ಹನ್ನೆರಡು ಮನೆಯವರೂ ಕಿತ್ತರು. ಹಾಲಿನವನು ಗಾಡಿ ತಂದು ಗಿಡಗಳನ್ನೆಲ್ಲ ಹಸುಗಳಿಗೆ ಒಯ್ದ. ಕೊನೆಯ ಕೊಯ್ಲಿನ ಎಲೆಯ ರಾಶಿ ಕಂಡಕ್ಟರಮ್ಮನ ಅಡುಗೆಮನೆಗೆ ಬಂತು. ಆ ದಿನ ದೊಡ್ಡ ಪಾತ್ರೆಯಲ್ಲಿ ಸೊಪ್ಪು ಮಾಡಿ ಮನೆಮನೆಗೆ ಒಂದೊಂದು ಬಟ್ಟಲು ಹಂಚುವುದು ಅವಳೇ ಹಾಕಿಕೊಂಡ ವಾಡಿಕೆ.

ಬೀಜವನ್ನು ಹಿಂದಿನ ದಿನವೇ ಉಜ್ಜಿ, ಕೇರಿ, ಒಣಗಿಸಿ ಪುಟ್ಟ ದುಂಡು ಡಬ್ಬಿಗೆ ತುಂಬಿದ್ದಳು. ಮೂರು ಚಮಚದಷ್ಟು. ಡಬ್ಬಿ ಗಂಡನ ಕೊಡುಗೆ. ಅವರು ಕೈಗಡಿಯಾರ ರಿಪೇರಿ ಮಾಡುವವರು. ಮುಂದಿನ ಕೋಣೆಯ ಕಿಟಕಿಯ ಬಳಿ ಮೇಜು, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ, ಮೇಜಿನ ತುಂಬ ಬಿಡಿಭಾಗಗಳ ತಗಡಿನ ಡಬ್ಬಿ. ಖಾಲಿಯಾದ ಡಬ್ಬಿಗಳು ಅಡುಗೆಮನೆಗೆ ಬಡ್ತಿ ಪಡೆಯುತ್ತಿದ್ದವು. ಜೀರಿಗೆಗೆ ಒಂದು, ಮೆಣಸಿಗೆ ಒಂದು, ಸಾಸಿವೆಗೆ ಒಂದು. ಬೀಜದ ಡಬ್ಬಿಯ ಜಾಗ ಬೀರುವಿನ ಮೇಲಿನ ಅರೆ. ಆದರೆ ಈ ದಿನ ಅದನ್ನು ಅಲ್ಲಿಗೆ ಎತ್ತಿಡಲೆಂದು ಕೈಗೆ ತೆಗೆದುಕೊಂಡಾಗಲೇ ಡಿಪೋದಿಂದ ಫೋನು ಬಂತು. ಯಾರೋ ರಜೆ ಹಾಕಿದ್ದಾರೆ, ಬದಲಿಗೆ ಬರಬೇಕಂತೆ. ಬಂದ ಮೇಲೆ ಎತ್ತಿಟ್ಟರಾಯಿತೆಂದು ಅದನ್ನು ಒಲೆಯ ಪಕ್ಕ ಇಟ್ಟು, ಸಮವಸ್ತ್ರ ಏರಿಸಿಕೊಂಡು, ಹೊರಡುವಾಗ ಗಂಡನಿಗೆ ಹೇಳಿದಳು.

"ರೀ, ಕೊನೇ ಸೊಪ್ಪು. ಚೆನ್ನಾಗಿ ಮಾಡಿ. ಒಗ್ಗರಣೇಲಿ ಕಂಜೂಸ್ತನ ಬೇಡ, ಧಾರಾಳವಾಗಿ ಹಾಕಿ."

ಗಡಿಯಾರದವರು ಹೆಂಡತಿಯ ಮಾತು ಮೀರಿದವರಲ್ಲ. ಎಲೆಯ ನಡುನರ ಸೀಳಿ ತೆಗೆದರು. ಹತ್ತು ಹತ್ತು ಎಲೆ ಒಂದರ ಮೇಲೊಂದು ಜೋಡಿಸಿ, ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ನೂಲಿನೆಳೆಯಷ್ಟು ಸಣ್ಣಗೆ ಹೆಚ್ಚಿದರು. ನರಗಳನ್ನೂ ಬಿಸಾಡದೆ ಚೂರು ಮಾಡಿ ಮೊದಲು ಅವನ್ನೇ ಬೇಯಿಸಿದರು, ಆಮೇಲೆ ಎಲೆ. ಬೆಂದ ನೀರನ್ನು ಉಪ್ಪು, ಮೆಣಸಿನ ಪುಡಿ ಹಾಕಿ ಕುಡಿಯಲು ಬೇರೆ ಬಸಿದಿಟ್ಟರು. ಕೊನೆಗೆ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಜಜ್ಜಿ, ಒಣಮೆಣಸಿನಕಾಯಿ ಮುರಿದು, ಒಲೆಯ ಪಕ್ಕ ತಮಗೆಂದೇ ಇಟ್ಟುಹೋದ ಡಬ್ಬಿಯನ್ನು ಧಾರಾಳವಾಗಿ ಬೋರಲು ಹಾಕಿದರು. ಚಟಪಟ ಎಂದಿತು. ಕೋಸಿನ ಬೀಜವೂ ಸಾಸಿವೆಯೂ ಒಂದೇ ಕುಲ, ಒಂದೇ ಬಣ್ಣ, ಒಂದೇ ಗುಂಡು. ಸಿಡಿಯುವುದರಲ್ಲೂ ವ್ಯತ್ಯಾಸವಿಲ್ಲ.

ಸಂಜೆ ಹನ್ನೆರಡು ಮನೆಯವರೂ ಚಪ್ಪರಿಸಿ ತಿಂದರು. ಕಂಡಕ್ಟರಮ್ಮ ಮೂರು ಸಲ ಬಡಿಸಿಕೊಂಡಳು. ಮೂರನೇ ಸಲ ಮಾತ್ರ ಹುಬ್ಬು ಗಂಟಿಕ್ಕಿದಳು.

"ಸೊಪ್ಪು ಸರಿಯಾಗಿದೆ. ಸಾಸಿವೇಲಿ ಖಾರಾನೇ ಇಲ್ಲ. ಹಳೇ ಮಾಲು ಕೊಟ್ಟಿದಾನೆ ಅಂಗಡಿಯೋನು."

"ಇರಬಹುದು," ಎಂದರು ಗಡಿಯಾರದವರು.

ಮರುದಿನ ಅವಳಿಗೆ ವಾರದ ರಜೆ. ಅಂಗಡಿಯವನಿಗೆ ಗ್ರಹಚಾರ ಬಿಡಿಸಬೇಕೆಂದು ಬೆಳಿಗ್ಗೆಯೇ ಸಾಸಿವೆ ಡಬ್ಬಿ ಹಿಡಿದು ಹೊರಟಳು. ಅಂಗಡಿಯ ಮುಂದೆ ನಾಲ್ಕು ಜನ ಗಿರಾಕಿಗಳಿದ್ದರು. ಅದು ಅವಳಿಗೆ ಅನುಕೂಲವೇ ಆಯಿತು.

"ಏನಪ್ಪಾ, ಇದು ಸಾಸಿವೆನಾ, ಜಲ್ಲಿ ಪುಡಿನಾ?"

ಅಂಗಡಿಯವನು ಮುಚ್ಚಳ ತೆಗೆದು, ನಾಲ್ಕು ಕಾಳು ಬಾಯಿಗೆ ಹಾಕಿ ಅಗಿದ. ಅವನ ಕಣ್ಣಲ್ಲಿ ನೀರು ಬಂತು.

"ಅಮ್ಮ, ನೀವೇ ಒಂದು ಸಲ ಅಗಿದು ನೋಡಿ."

ಅಗಿದಳು. ಮೂಗಿನವರೆಗೆ ಏರಿತು. ಕೆಮ್ಮುತ್ತಲೇ ಡಬ್ಬಿಯ ಒಳಗೆ ನೋಡಿದಳು. ಡಬ್ಬಿ ಕಂಠದ ತನಕ ತುಂಬಿತ್ತು. ಅಷ್ಟು ದೊಡ್ಡ ಪಾತ್ರೆಗೆ ಧಾರಾಳವಾಗಿ ಒಗ್ಗರಣೆ ಹಾಕಿದ ಮೇಲೆ ಡಬ್ಬಿ ತುಂಬಿರುವುದು ಹೇಗೆ? ಜಗಳ ಅರ್ಧಕ್ಕೆ ಬಿಟ್ಟು ಅವಳು ಮನೆಗೆ ತಿರುಗಿದ್ದನ್ನು ಆ ಬೀದಿ ನೋಡಿದ್ದು ಅದೇ ಮೊದಲು.

"ರೀ, ನಿನ್ನೆ ಒಗ್ಗರಣೆಗೆ ಯಾವ ಡಬ್ಬಿ ತಗೊಂಡ್ರಿ?"

ಭೂತಗನ್ನಡಿ ಕಣ್ಣಲ್ಲಿಟ್ಟುಕೊಂಡೇ ಅವರು ತಲೆ ಎತ್ತಿದರು. "ಒಲೆ ಪಕ್ಕದ್ದು. ನೀನೇ ತೆಗೆದಿಟ್ಟು ಹೋಗಿದ್ಯಲ್ಲ."

"ಎಷ್ಟು ಹಾಕಿದ್ರಿ?"

"ಧಾರಾಳವಾಗಿ ಅಂದ್ಯಲ್ಲ. ಎಲ್ಲಾ."

ಅವಳು ಒಲೆಯ ಪಕ್ಕದ ಖಾಲಿ ಡಬ್ಬಿ ತಂದು, ಅದನ್ನು ಹಿಡಿದು ಕೂತಳು. ಕೊನೆಯ ಸೊಪ್ಪಿಗೆ ಅದರದೇ ಬೀಜದ ಒಗ್ಗರಣೆ. ಅದನ್ನು ಹನ್ನೆರಡು ಮನೆಗೆ ಹಂಚಿ, ತಾನೂ ಮೂರು ಸಲ ಬಡಿಸಿಕೊಂಡು, ಖಾರ ಸಾಲದೆಂದು ದೂರು ಬೇರೆ ಹೇಳಿದ್ದಳು.

"ಕೂದಲಿಗಿಂತ ಸಣ್ಣ ಸ್ಪ್ರಿಂಗ್ ಕಾಣುತ್ತೆ ನಿಮಗೆ. ಸಾಸಿವೆ ಯಾವುದು ಬೀಜ ಯಾವುದು ಅಂತ ಕಾಣಲ್ವಾ?" ಎಂದಳು. ಆದರೆ ದನಿಯಲ್ಲಿ ಎಂದಿನ ಜೋರು ಇರಲಿಲ್ಲ. ಡಬ್ಬಿಯನ್ನು ಅಲ್ಲಿಟ್ಟ ಕೈ ಯಾರದೆಂದು ಅವಳಿಗೆ ಗೊತ್ತಿತ್ತು.

ಕೈಚೆಲ್ಲಿ ಕೂರುವ ಜಾತಿ ಅವಳದಲ್ಲ. ಎದ್ದು ಮನೆಮನೆ ಹತ್ತಿಳಿದಳು. ಯಾರ ಮನೆಯಲ್ಲಾದರೂ ಒಂದು ಗಿಡ ಉಳಿದಿದೆಯಾ, ಎಲ್ಲಾದರೂ ನಾಲ್ಕು ಕಾಯಿ? ಎಲ್ಲರೂ ಪರೀಕ್ಷೆ ಪಾಸಾದವರ ಮುಖ ಮಾಡಿಕೊಂಡು ಉತ್ತರ ಕೊಟ್ಟರು.

"ಬೇರು ಸಮೇತ ಕಿತ್ತಾಕಿದೀನಿ," ಎಂದರು ನರ್ಸಮ್ಮ. "ಹೂವಂತೂ ಎರಡು ವರ್ಷದಲ್ಲಿ ಒಂದೂ ಅರಳೋಕೆ ಬಿಟ್ಟಿಲ್ಲ. ನೀವು ಹೇಳಿದ ಮೇಲೆ ಮುಗೀತಲ್ಲ."

ಇಷ್ಟು ಶಿಸ್ತಿನ ಪ್ರಯಾಣಿಕರು ಅವಳಿಗೆ ಬಸ್ಸಿನಲ್ಲಿ ಒಬ್ಬರೂ ಸಿಕ್ಕಿರಲಿಲ್ಲ. ಇಲ್ಲಿ ಹನ್ನೊಂದು ಮನೆಯವರೂ ಅಂಥವರೇ.

ಮಧ್ಯಾಹ್ನ ಅವಳು ಊಟ ಬಿಟ್ಟು ಖಾಲಿ ಪಾತಿ ನೋಡುತ್ತ ಹಿಂಬಾಗಿಲಲ್ಲಿ ಕೂತಿದ್ದಳು. ಗಡಿಯಾರದವರು ಬಂದು ಪಕ್ಕದಲ್ಲಿ ನಿಂತರು.

"ತಂಗಿ ಮನೇಲಿ ಇರಬಹುದು. ಅವಳು ಯಾವತ್ತು ಯಾರ ಮಾತು ಕೇಳಿದಾಳೆ?"

ಅದು ಅವಳಿಗೂ ಹೊಳೆದಿತ್ತು. ಹೊಳೆದದ್ದಕ್ಕೇ ಊಟ ಸೇರಿರಲಿಲ್ಲ.

ತನ್ನದೇ ರೂಟಿನ ಬಸ್ಸಿನಲ್ಲಿ ಅವಳು ಅಂದು ಕಿಟಕಿಯ ಪಕ್ಕ ಪ್ರಯಾಣಿಕಳಾಗಿ ಕೂತಳು. ಹದಿನೆಂಟು ಸ್ಟಾಪು. ಮನಸ್ಸು ಒಂದೊಂದಾಗಿ ಲೆಕ್ಕ ಕೇಳಿತು. ಹೂ ಚಿವುಟಿದರೆ ಎಲೆ ಹೆಚ್ಚು ಬರುತ್ತದೆ, ಅದು ಸುಳ್ಳಲ್ಲ. ಆದರೆ ಒಂದೊಂದು ಮನೆಯಲ್ಲಿ ಒಂದೊಂದು ಗಿಡ ಹೂ ಬಿಟ್ಟಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ಸಸಿಗೆಂದು ಹನ್ನೊಂದು ಮನೆಯವರೂ ತನ್ನ ಹಿಂಬಾಗಿಲಲ್ಲಿ ಬಂದು ನಿಲ್ಲುವುದು ಅವಳಿಗೆ ಹಿತವಾಗಿತ್ತು. ನಿಜವಾದ ನಿಯಮ ಅದು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದೆಂದರೆ ಇದೇ ಎಂದುಕೊಂಡಳು. ಸರಿ, ಬಿದ್ದಾಯಿತು, ಇನ್ನು ಹತ್ತುವುದು ನೋಡಬೇಕು.

ಕೊನೆಯ ಸ್ಟಾಪಿನಲ್ಲಿ ಇಳಿದು ಓಣಿ ತಿರುಗುವ ಮೊದಲೇ ಗುಬ್ಬಿಗಳ ಗಲಾಟೆ ಕೇಳಿಸಿತು. ಇಸ್ತ್ರಿ ಅಂಗಡಿಯ ಪಕ್ಕ ಐದು ಗಿಡ, ಕಿಟಕಿಗಿಂತ ಎತ್ತರ, ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ಬುಡದಲ್ಲಿ ಒಣಗಿದ ಎಲೆಗಳನ್ನು ಯಾರೂ ತೆಗೆದಿರಲಿಲ್ಲ. ತುದಿಯ ತುಂಬ ಕಂದು ಬಣ್ಣದ ಕಾಯಿ. ಅರ್ಧದಷ್ಟು ಒಡೆದು ಉದುರಿದ್ದವು, ಅರ್ಧ ಉಳಿದಿದ್ದವು. ಮೋರಿಯ ಅಂಚಿನಲ್ಲಿ ಉದುರಿದ ಬೀಜ ಮೊಳೆತು ಎರಡೆರಡು ಎಲೆಯ ಸಸಿಗಳೂ ಎದ್ದಿದ್ದವು. ಇಷ್ಟು ಚಂದದ ಸೋಮಾರಿತನವನ್ನು ಕಂಡಕ್ಟರಮ್ಮ ಎಲ್ಲಿಯೂ ಕಂಡಿರಲಿಲ್ಲ.

"ಬನ್ನಿ ಅತ್ತಿಗೆ," ಎಂದಳು ನಾದಿನಿ. ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಮೇಜಿನ ಮೇಲೆ ಬಿಳಿ ಅಂಗಿ. ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಪಕ್ಕದ ಕುರ್ಚಿಯಲ್ಲಿ ಅವಳ ಅತ್ತೆ, ಮೂರು ವರ್ಷದ ಹಿಂದೆ ಕೂತಿದ್ದ ಹಾಗೆಯೇ ಕೂತಿದ್ದರು.

ಕಂಡಕ್ಟರಮ್ಮ ನೀರು ಕುಡಿದು ಲೋಟ ಕೆಳಗಿಟ್ಟಳು. "ಬೀಜ ಬೇಕಿತ್ತು ಕಣೇ."

"ಯಾರಿಗೆ?"

"ನನಗೇ."

ಒಗ್ಗರಣೆಯ ಕಥೆ ಹೇಳಿದಳು. ಏನನ್ನೂ ಮುಚ್ಚಿಡದೆ, ಮೂರು ಸಲ ಬಡಿಸಿಕೊಂಡದ್ದೂ ಸೇರಿ. ನಾದಿನಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು ಮೇಜು ಹಿಡಿದುಕೊಂಡು ನಕ್ಕಳು. ಅಣ್ಣನ ಮುಖ ನೆನಪಾಗಿ ಮತ್ತೆ ನಕ್ಕಳು. ನಗು ಮುಗಿದ ಮೇಲೆ ಒಂದು ಮಾತು ಹೇಳಿದಳು.

"ನನಗೆ ಈ ಸೊಪ್ಪು ಸೇರಲ್ಲ ಅತ್ತಿಗೆ. ಯಾವತ್ತೂ ಸೇರಿಲ್ಲ. ನಾನು ಇಟ್ಕೊಂಡಿರೋದು ಹೂವಿಗೆ. ದಿನವೆಲ್ಲ ಊರೋರ ಅಂಗಿ, ಬಿಸಿ ಹಬೆ. ತಲೆ ಎತ್ತಿದ್ರೆ ಒಂದಿಷ್ಟು ಹಳದಿ ಕಾಣಲಿ ಅಂತ."

ಕಂಡಕ್ಟರಮ್ಮ ತನ್ನ ಕೈ ನೋಡಿಕೊಂಡಳು. ಆ ಹೂಗಳನ್ನು ಮುರಿದು ನೆಲಕ್ಕೆ ಹಾಕಿದ ಕೈ. ಅವಳಿಗೆ ನಾಚಿಕೆಯಾಯಿತು. ನಾಚಿಕೆ ಅವಳಿಗೆ ಅಭ್ಯಾಸವಿರಲಿಲ್ಲವಾದ್ದರಿಂದ ಅದು ಏನೆಂದು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು.

"ಬೀಜ ಎಷ್ಟು ಬೇಕಾದ್ರೂ ತಗೊಳ್ಳಿ," ನಾದಿನಿ ಮುಂದುವರಿಸಿದಳು. "ಒಂದೇ ಒಂದು ಕೆಲಸ ಮಾಡಿ. ನಮ್ಮತ್ತೆಗೆ ಕಿವಿ ಕೇಳಲ್ಲ. ನಾನು ಹೇಳೋದು ಕೇಳಲ್ಲ, ಅವರ ಮಗ ಹೇಳೋದೂ ಕೇಳಲ್ಲ. ಆದರೆ ಅವತ್ತು ನೀವು ಅಂದದ್ದು ಒಂದಕ್ಷರ ಬಿಡದೆ ಕೇಳಿಸ್ತು. ಅನ್ನ ಸೀದರೆ, ಹಾಲು ಉಕ್ಕಿದರೆ, 'ಗಿಡ ನೋಡ್ಕೊಳ್ಳೋಕೆ ಬರದೋಳು ಮನೆ ಏನು ನೋಡ್ಕೋತಾಳೆ, ನಿಮ್ಮತ್ತಿಗೆ ಸರಿಯಾಗೇ ಹೇಳಿದ್ರು' ಅಂತಾರೆ. ಮೂರು ವರ್ಷದಿಂದ. ಈ ಮನೇಲಿ ಅವರ ಕಿವಿಗೆ ಬೀಳೋದು ನಿಮ್ಮ ಗಂಟಲು ಒಂದೇ. ನೀವೇ ಹಾಕಿದ್ದು, ನೀವೇ ತೆಗೀರಿ."

ಕಂಡಕ್ಟರಮ್ಮ ಎದ್ದಳು. ಓಣಿಯಲ್ಲಿ ಇಬ್ಬರು ಬಟ್ಟೆ ಹಿಡಿದು ಕಾಯುತ್ತಿದ್ದರು, ಎದುರುಮನೆಯ ಕಿಟಕಿಯಲ್ಲಿ ಯಾರೋ ಇದ್ದರು. ಜನ ನೋಡುತ್ತಾರೆಂದು ಅವಳು ಎಂದಾದರೂ ದನಿ ತಗ್ಗಿಸಿದ್ದುಂಟೆ? ಈಗಲೂ ತಗ್ಗಿಸಲಿಲ್ಲ. ಮುದುಕಿಯ ಮುಂದೆ ನೆಟ್ಟಗೆ ನಿಂತು, ತುಂಬಿದ ಬಸ್ಸಿನ ಆ ತುದಿಗೆ ಮುಟ್ಟಿಸುವ ಗಂಟಲಿನಲ್ಲಿ ಹೇಳಿದಳು.

"ಅಮ್ಮಾ, ಅವತ್ತು ನಾನು ಅಂದದ್ದು ತಪ್ಪು. ನಿಮ್ಮ ಸೊಸೆ ಮಾಡಿದ್ದೇ ಸರಿ. ಅವಳು ಹೂ ಬಿಡೋಕೆ ಬಿಟ್ಟಿದ್ದಕ್ಕೆ ನಮ್ಮಮ್ಮನ ಬೀಜ ಉಳೀತು. ಅಷ್ಟು ಜೋಪಾನ ಮಾಡಿದ ನಾನು ಕಳ್ಕೊಂಡೆ. ಈಗ ಅವಳ ಹತ್ರ ಕೇಳ್ಕೊಳ್ಳೋಕೆ ಬಂದಿದೀನಿ."

ಗಿಡದ ಮೇಲಿದ್ದ ಗುಬ್ಬಿಗಳು ಹಾರಿಹೋದವು. ಮುದುಕಿ ಕಂಡಕ್ಟರಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಯಾಕೆ ಅಷ್ಟು ಕಿರುಚ್ತೀರಿ? ನಾನೇನು ಕಿವುಡಿನಾ?"

ಆಮೇಲೆ ಸೊಸೆಯ ಕಡೆ ತಿರುಗಿ, ಸ್ವಲ್ಪ ಯೋಚಿಸಿ, "ಹಾಗಾದ್ರೆ ಮೂರು ವರ್ಷ ನಾನು ಬೈದದ್ದೆಲ್ಲ ದಂಡನಾ?" ಎಂದು ಕೇಳಿದರು.

"ದಂಡ ಅತ್ತೆ," ಎಂದಳು ನಾದಿನಿ ಎಂದಿನ ದನಿಯಲ್ಲಿ. ಅದು ಮುದುಕಿಗೆ ಕೇಳಿಸಲಿಲ್ಲ. ಆದರೆ ಸೊಸೆ ಅಂಗಿಯ ಮೇಲೆ ಚಿಮುಕಿಸುವ ನೀರಿನ ಬಟ್ಟೆಯಿಂದ ಕಣ್ಣೊರೆಸಿಕೊಂಡದ್ದು ಕಾಣಿಸಿತು. ಅವರು ಕುರ್ಚಿಯಿಂದ ಎದ್ದು, ಒಳಗೆ ಹೋಗಿ, ಒಂದು ಹಳೆಯ ದಿಂಬಿನ ಚೀಲ ತಂದು ಕೊಟ್ಟರು. ಮೂವರೂ ಸೇರಿ ಕಾಯಿ ಬಿಡಿಸಿ ಅದರಲ್ಲಿ ತುಂಬಿದರು.

ನಲವತ್ತು ದಿನ ಕಳೆದ ಮೇಲೆ ಕಂಡಕ್ಟರಮ್ಮ ಬಿತ್ತಿದಳು. ಸಸಿ ಎದ್ದಾಗ ಮೊದಲ ದಪ್ಪ ಎಲೆ ಬರುವವರೆಗೂ ಅವಳಿಗೆ ನೆಮ್ಮದಿ ಇರಲಿಲ್ಲ. ಬೇರೆ ಕೋಸಿನ ಜೊತೆ ಬೆರೆತಿದ್ದರೆ? ಒಂದು ದಿನ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು ಬಗ್ಗಿ ನೋಡಿದಳು. ಬೂದಿ ಬಳಿದಂಥ ಹಸಿರು. ನೀರು ಚಿಮುಕಿಸಿದಳು, ಹನಿ ಜಾರಿ ಬಿತ್ತು. ಅಂಚು ಮುರಿದು ಅಗಿದಳು. ಹಸಿಯಲ್ಲೂ ಕೊನೆಗೆ ಆ ಸಣ್ಣ ಸಿಹಿ ಇತ್ತು. "ಅಮ್ಮಂದೇ," ಎಂದು ಒಳಗಿದ್ದ ಗಂಡನಿಗೆ ಹೇಳಿದಳು. ಅವಳ ಕಣ್ಣು ತುಂಬಿತ್ತು.

ಗಡಿಯಾರದವರು ಅಂದಿನಿಂದ ಒಗ್ಗರಣೆಗೆ ಮೊದಲು ಒಂದು ಕಾಳು ಬಾಯಿಗೆ ಹಾಕಿ ಅಗಿದು, ಕಣ್ಣಲ್ಲಿ ನೀರು ಬಂದರೆ ಮಾತ್ರ ಎಣ್ಣೆಗೆ ಹಾಕುತ್ತಿದ್ದರು. ಬೀಜದ ಡಬ್ಬಿಗಳು ಈಗ ಎರಡು, ಒಂದು ಬೀರುವಿನಲ್ಲಿ, ಇನ್ನೊಂದು ಇಸ್ತ್ರಿ ಅಂಗಡಿಯಲ್ಲಿ.

ಸಸಿ ಹಂಚುವ ಭಾನುವಾರ ನಾದಿನಿಯೂ ಬಂದಿದ್ದಳು, ಮೂರು ವರ್ಷದ ನಂತರ. ತೊಟ್ಟಿಯ ಕಟ್ಟೆಯ ಮೇಲೆ ಕೂತು ಅಣ್ಣ ಕೊಟ್ಟ ಟೀ ಕುಡಿಯುತ್ತಿದ್ದಳು. ಕಂಡಕ್ಟರಮ್ಮ ಬುಟ್ಟಿ ಮುಂದಿಟ್ಟುಕೊಂಡು ನಿಯಮ ಹೇಳಿದಳು. ಎಲೆ ಕೆಳಗಿನಿಂದ ಕೀಳಬೇಕು. ಹೇಳಿದ ದಿನ ಹಳೆಯ ಗಿಡ ಕಿತ್ತು ನೆಲ ಖಾಲಿ ಬಿಡಬೇಕು. ಇನ್ನು ಹೂವಿನದು. ಒಂದೊಂದು ಮನೆಯಲ್ಲೂ ಒಂದು ಗಿಡವನ್ನು ಮುಟ್ಟದೆ ಹೂ ಬಿಡಲು ಬಿಡಬೇಕು. ಕಾಯಿ ಒಣಗಿದ ಮೇಲೆ ಬೀಜ ಅವರವರೇ ಇಟ್ಟುಕೊಳ್ಳಬೇಕು.

ಮೂರನೇ ಮಹಡಿಯ ಕಿಟಕಿಯಿಂದ ನರ್ಸಮ್ಮ ಬಗ್ಗಿದರು. "ಇದೇನ್ರೀ ಉಲ್ಟಾ? ಹೂ ಕಂಡ್ರೆ ಚಿವುಟಬೇಕು ಅಂತಿದ್ರಲ್ಲ. ಈ ಹೊಸ ರೂಲು ಯಾರು ಮಾಡಿದ್ದು?"

ನಾದಿನಿ ಟೀ ಲೋಟ ಕೆಳಗಿಟ್ಟಳು.

"ನಮ್ಮ ನಾದಿನಿ ಮಾಡಿದ್ದು," ಎಂದಳು ಕಂಡಕ್ಟರಮ್ಮ, ಹನ್ನೆರಡು ಮನೆಗೂ ಕೇಳಿಸುವ ಹಾಗೆ. "ಇಲ್ಲೇ ಕೂತಿದಾಳೆ. ಅನುಮಾನ ಇದ್ರೆ ಇಳಿದು ಬಂದು ಕೇಳ್ಕೊಳ್ಳಿ."